ಬಿಳಿ ವೈನ್ ದ್ರಾಕ್ಷಿಗೆ ಮಲೆನಾಡಿನ ಅಂಚಿನಲ್ಲಿ ಜಾಗ ನೋಡುವ ಬಗೆ

ಜಾಗ ನೋಡಲು ಹೊರಟವರು ಮೊದಲು ಅಕ್ಕಪಕ್ಕದ ಅಡಿಕೆ ತೋಟದವರನ್ನು ಮಾತಾಡಿಸಬೇಕು. ಕೇಳಬೇಕಾದ್ದು ಒಂದೇ: ಕೊಳೆಗೆ ವರ್ಷಕ್ಕೆ ಎಷ್ಟು ಸಲ ಔಷಧಿ ಹೊಡೀತೀರಿ? 'ಮೂರು ಸಲ ಹೊಡೆದರೂ ಉದುರುತ್ತೆ, ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿದ್ರೆ ಮಾತ್ರ ಉಳಿಯುತ್ತೆ' ಅಂದರೆ ಗಾಡಿ ತಿರುಗಿಸಿ. 'ಒಂದು ಸಲ ಹೊಡೀತೀವಿ, ಕೆಲವು ವರ್ಷ ಅದೂ ಇಲ್ಲ' ಅಂದರೆ ಇಳಿದು ಮಣ್ಣು ನೋಡಬಹುದು. ಅಡಿಕೆಯ ಕೊಳೆರೋಗ, ದ್ರಾಕ್ಷಿಯ ಡೌನಿ (ಎಲೆಯಡಿ ಬಿಳಿ ಬೂಷ್ಟು ಕಟ್ಟುವ ರೋಗ) ಎರಡನ್ನೂ ತರುವುದು ಒಂದೇ ಗುಂಪಿಗೆ ಸೇರಿದ ಜೀವಿಗಳು. ಎರಡಕ್ಕೂ ಬೇಕಾದ್ದು ಒದ್ದೆ, ಮೋಡ ಮತ್ತು ಆಡದ ಗಾಳಿ. ನಾವು ಡ್ರಮ್ಮಿನಲ್ಲಿ ಕಲಸುವ ಬೋರ್ಡೋ ದ್ರಾವಣವೂ ಮೊದಲು ಅಡಿಕೆಗೆಂದು ಹುಟ್ಟಿದ್ದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ಬಳ್ಳಿಗೆ ಬಳಿಯುತ್ತಿದ್ದ ತುತ್ತ-ಸುಣ್ಣ ಡೌನಿಯನ್ನೂ ತಡೆಯುತ್ತದೆ ಎಂದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆಗೆ ಬಳಕೆಗೆ ತಂದರು.

ದ್ರಾಕ್ಷಿ ನಮ್ಮಲ್ಲೂ ಬಳ್ಳಿಯಾಗಿ ಬೆಳೆಯುತ್ತದೆ, ಹಿತ್ತಲ ಚಪ್ಪರಕ್ಕೂ ಹಬ್ಬುತ್ತದೆ. ಒಳ್ಳೆಯ ಬಿಳಿ ವೈನ್‌ಗೆ ಬೇಕಾದ ಹಣ್ಣು ಬೇರೆ. ಕೆಂಪು ವೈನ್‌ನಲ್ಲಿ ಸಿಪ್ಪೆ, ಬೀಜ ರಸದೊಂದಿಗೇ ಹುದುಗುತ್ತವೆ. ಅವುಗಳ ಒಗರು ಮತ್ತು ಬಣ್ಣದಲ್ಲಿ ಹಣ್ಣಿನ ಸಣ್ಣಪುಟ್ಟ ಕೊರತೆ ಮುಚ್ಚಿಹೋಗುತ್ತದೆ. ಬಿಳಿಗೆ ಹಿಂಡಿದ ರಸವಷ್ಟೇ ಬಂಡವಾಳ. ಕೊಯ್ಲಿನ ದಿನ ಆ ರಸದಲ್ಲಿ ಸಕ್ಕರೆ 20ರಿಂದ 23 ಬ್ರಿಕ್ಸ್ (ಅಂದರೆ ರಸದ ತೂಕದ ಶೇಕಡಾ ಅಷ್ಟು), ಪಿಎಚ್ 3.1ರಿಂದ 3.4, ಹುಳಿ ಲೀಟರಿಗೆ 6ರಿಂದ 8 ಗ್ರಾಂ ಇರಬೇಕು. ಒಂದೊಂದನ್ನೇ ಬಿಡಿಯಾಗಿ ಪಡೆಯುವುದು ಸುಲಭ. ಮೂರೂ ಒಂದೇ ದಿನ ಕೂಡಿಬರುವುದು ಕಷ್ಟ, ಜಾಗದ ಕೆಲಸ ಇರುವುದು ಅಲ್ಲೇ. ಸೆಕೆ ಹೆಚ್ಚಾದರೆ ಸಕ್ಕರೆ ಬೇಗ ಏರುತ್ತದೆ. ಬಳ್ಳಿ ಉಸಿರಾಡುತ್ತಾ ಮ್ಯಾಲಿಕ್ ಆಮ್ಲವನ್ನು ಸುಟ್ಟುಹಾಕುತ್ತದೆ, ರಾತ್ರಿಯೂ ಬೆಚ್ಚಗಿದ್ದರೆ ಇನ್ನೂ ಬೇಗ. ಪರಿಮಳ ಮಾತ್ರ ಹಿಂದೆ ಉಳಿದುಬಿಡುತ್ತದೆ. ಕಡಿಮೆ ಬಿದ್ದ ಹುಳಿಗೆ ಟಾರ್ಟಾರಿಕ್ ಆಮ್ಲ ಬೆರೆಸುವುದು ಸೆಕೆ ಸೀಮೆಗಳಲ್ಲೆಲ್ಲ ರೂಢಿ. ಹೋದ ಪರಿಮಳಕ್ಕೆ ಅಂಥ ಪುಡಿ ಇಲ್ಲ.

ಕಲ್ಲಿನ ರುಚಿ ಎಂಬ ನಂಬಿಕೆ

ಫ್ರಾನ್ಸಿನ ಶಾಬ್ಲಿಯ ಸುಣ್ಣದ ಜೇಡಿಯಲ್ಲಿ ಪುಟ್ಟ ಸಿಂಪಿಯ ಪಳೆಯುಳಿಕೆಗಳಿವೆ, ಅದಕ್ಕೇ ಅಲ್ಲಿನ ಶಾರ್ಡನೇ ದ್ರಾಕ್ಷಿಯ ವೈನ್‌ಗೆ ಕಡಲ ರುಚಿ. ಜರ್ಮನಿಯ ಮೊಸೆಲ್ ಕಣಿವೆಯ ಸ್ಲೇಟಿನ ರುಚಿ ರೀಸ್ಲಿಂಗ್‌ನಲ್ಲಿ ಬರುತ್ತದೆ. ಫ್ರಾನ್ಸಿನದೇ ಸಾನ್ಸೇರ್‌ನ ಚಕಮಕಿ ಕಲ್ಲು ಸೋವಿನ್ಯಾನ್ ಬ್ಲಾಂಕ್‌ನಲ್ಲಿ ಹೊಗೆಯಾಡುತ್ತದೆ. ಇಂಥ ಮಾತು ಬಾಟಲಿ ಮಾರಲು ಒಳ್ಳೆಯದು, ಜಮೀನು ಕೊಳ್ಳಲು ಅಲ್ಲ. ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಷ್, ಕ್ಯಾಲ್ಸಿಯಂನಂಥವನ್ನು ಹೀರುತ್ತದೆ, ಅವು ವೈನಿನಲ್ಲಿ ಉಳಿಯುವ ಪ್ರಮಾಣ ನಾಲಿಗೆಗೆ ಕಲ್ಲಾಗಿ ತಿಳಿಯುವಷ್ಟಿಲ್ಲ.

ಹಾಗಾದರೆ ಆ ಕಲ್ಲು ಮಾಡುವುದೇನು? ಶಾಂಪೇನಿನ ಸೀಮೆಸುಣ್ಣದ ನೆಲ ಒಂದು ಘನ ಮೀಟರಿಗೆ 300ರಿಂದ 400 ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚಾದದ್ದನ್ನು ಬಸಿದುಬಿಡುತ್ತದೆ. ಬಳ್ಳಿಗೆ ಬಾಯಾರಿಕೆಯೂ ಇಲ್ಲ, ಕಾಲಡಿ ಕೆಸರೂ ಇಲ್ಲ. ಮೊಸೆಲ್ ಇರುವುದು 50 ಡಿಗ್ರಿ ಉತ್ತರದಲ್ಲಿ, ಅಲ್ಲಿ ಹಣ್ಣು ಮಾಗುವುದೇ ಕಷ್ಟ. ಕಡಿದಾದ ಇಳಿಜಾರಿನ ಕಪ್ಪು ಸ್ಲೇಟು ಹಗಲ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಕೊಡುತ್ತದೆ. ಬರ್ಗಂಡಿಯಲ್ಲಿ ಸುಮಾರು 8 ಹೆಕ್ಟೇರಿನ ಮೊಂತ್ರಾಶೆ ದ್ರಾಕ್ಷಿ ತೋಟ ಇರುವುದು ಇಳಿಜಾರಿನ ನಡುಭಾಗದಲ್ಲಿ. ಮೇಲೆ ಹೋದರೆ ಮಣ್ಣು ತೀರಾ ತೆಳು, ಕೆಳಗೆ ಬಂದರೆ ಮಂದ ಜೇಡಿ. ಮೂರು ಕಡೆಯೂ ಕೆಲಸ ಮಾಡುತ್ತಿರುವುದು ನೀರು ಮತ್ತು ಬಿಸಿಯ ಲೆಕ್ಕ. ಆ ಕೆಲಸವನ್ನು ನಮ್ಮಲ್ಲಿ ಯಾವ ನೆಲ ಮಾಡುತ್ತದೆ ಎಂದು ಹುಡುಕಬೇಕು. ಅದೇ ಕಲ್ಲನ್ನು ಹುಡುಕಿದರೆ ಮೋಸ ಹೋಗುತ್ತೀರಿ. ಶಿವಮೊಗ್ಗದ ಸುತ್ತ ಪದರು ಪದರಾಗಿ ಒಡೆಯುವ ಶಿಸ್ಟ್ ಕಲ್ಲು ಬೇಕಾದಷ್ಟಿದೆ, ನೋಡಲು ಸ್ಲೇಟಿನಂತೆಯೇ. ಆದರೆ 14 ಡಿಗ್ರಿ ಉತ್ತರದಲ್ಲಿ ಬಿಸಿಗೆ ಬರವಿಲ್ಲ. ರಾತ್ರಿ ಬಿಸಿ ಕೊಡುವ ಕಲ್ಲು ಇಲ್ಲಿ ಹುಳಿ ತಿನ್ನುವ ಕಲ್ಲು.

ಮಳೆಯ ಗೆರೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಅಲ್ಲಿಂದ ನೂರು ಕಿಲೋಮೀಟರಿನೊಳಗಿನ ಶಿವಮೊಗ್ಗ ಪೇಟೆಗೆ ಬಂದರೆ ಅದರ ಏಳನೇ ಒಂದು ಭಾಗದ ಆಸುಪಾಸು. ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿನ ಗುಡ್ಡ ಎಷ್ಟು ಚಂದವಿದ್ದರೂ ಬಳ್ಳಿಯ ಬೇರು ನಾಲ್ಕು ತಿಂಗಳು ನೀರಿನಲ್ಲೇ ನಿಲ್ಲುತ್ತದೆ. ನೋಡಬೇಕಾದ್ದು ಪೂರ್ವದ ಅಂಚು: ಶಿಕಾರಿಪುರದ ಮೂಡಣ ಭಾಗ, ಶಿವಮೊಗ್ಗದಿಂದ ಭದ್ರಾವತಿ ಕಡೆಯ ದಿಣ್ಣೆಗಳು, ಚನ್ನಗಿರಿ, ತರೀಕೆರೆ, ಇನ್ನೂ ಮುಂದೆ ಕಡೂರಿನ ಮಗ್ಗುಲು. ಸುತ್ತ ಮೆಕ್ಕೆಜೋಳ, ಮಾವು, ಚೆನ್ನಾಗಿ ಏರಿದ ತೇಗ ಕಂಡರೆ ಒಳ್ಳೆಯ ಗುರುತು; ತೇಗ ನೀರು ನಿಂತ ಜಾಗದಲ್ಲಿ ಏಳುವುದಿಲ್ಲ. ಶುಂಠಿ ಹಾಕಿ ಬಿಟ್ಟ ಹೊಲವಾದರೆ ಎಚ್ಚರ. ಬೇರುಗಂಟು ಜಂತುಹುಳು ಉಳಿದಿರುತ್ತದೆ, ಅದು ದ್ರಾಕ್ಷಿಯ ಬೇರಿಗೂ ಬೀಳುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಜಂತುಹುಳುವಿನ ಪರೀಕ್ಷೆಯನ್ನೂ ಬರೆಸಿ.

ಒಟ್ಟು ಮಳೆಗಿಂತ ಅದು ಯಾವ ತಿಂಗಳಲ್ಲಿ ಬೀಳುತ್ತದೆ ಎನ್ನುವುದು ಮುಖ್ಯ. ಹತ್ತಿರದ ಮಳೆಮಾಪಕದ ಹತ್ತು ವರ್ಷದ ಲೆಕ್ಕ ತೆಗೆಸಿ, ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಬಿದ್ದ ದಿನಗಳನ್ನು ಎಣಿಸಿ. ಹೂ ಬಿಡುವ ಹೊತ್ತಿನ ಎರಡು ದಿನದ ಜಿಟಿಜಿಟಿ, ಜುಲೈನ ಎರಡು ವಾರದ ಸುರಿಮಳೆಗಿಂತ ಹೆಚ್ಚು ಹಾಳು ಮಾಡುತ್ತದೆ.

ಇಳಿಜಾರು

ತಗ್ಗಿನ ಬೈಲು ಬೇಡ, ಗುಡ್ಡದ ನೆತ್ತಿಯೂ ಬೇಡ. ಚಳಿಗಾಲದ ರಾತ್ರಿ ತಂಪು ಗಾಳಿ ಜಾರಿ ಬಂದು ಬೈಲಿನಲ್ಲಿ ನಿಲ್ಲುತ್ತದೆ. ಹುಳಿಗೆ ಇದು ಒಳ್ಳೆಯದೇ, ಆದರೆ ಜೊತೆಗೆ ಇಬ್ಬನಿ ಹತ್ತು ಗಂಟೆಯವರೆಗೂ ಎಲೆಯ ಮೇಲೆ ಕೂತಿರುತ್ತದೆ. ನೆತ್ತಿಯಲ್ಲಿ ಮಣ್ಣು ಕೊಚ್ಚಿಹೋಗಿ ಜಂಬಿಟ್ಟಿಗೆ ಮೇಲೆದ್ದಿರುತ್ತದೆ. ನಡು ಇಳಿಜಾರಿನಲ್ಲಿ ಗಾಳಿ ಜಾರುತ್ತಿರುತ್ತದೆ, ಇಬ್ಬನಿ ಬೇಗ ಆರುತ್ತದೆ, ಮಣ್ಣೂ ಒಂದು ಮೀಟರ್ ಸಿಗುತ್ತದೆ. ನೂರು ಅಡಿಗೆ 3ರಿಂದ 10 ಅಡಿ ಇಳಿಯುವ ಜಾಗ ಸಾಕು. 15 ದಾಟಿದರೆ ನಮ್ಮ ಮಳೆಗೆ ಮೇಲ್ಮಣ್ಣು ನಿಲ್ಲದು, ಸಮಪಾತಳಿ ಬದು ಹಾಕಲೇಬೇಕು.

ಯುರೋಪಿನ ಪುಸ್ತಕಗಳು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಹುಡುಕಿ ಎನ್ನುತ್ತವೆ. ಅವರಿಗೆ ಬಿಸಿಲು ಸಾಲದು, ಅದಕ್ಕೆ. ಇಲ್ಲಿ ಕಾಯಿ ಮಾಗುವ ಜನವರಿಯಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣ ಮತ್ತು ಪಶ್ಚಿಮದ ಇಳಿಜಾರು ಸಂಜೆವರೆಗೂ ಕಾಯುತ್ತದೆ. ಬಿಳಿ ತಳಿಗೆ ಪೂರ್ವ ಅಥವಾ ಈಶಾನ್ಯದ ಇಳಿಜಾರನ್ನೇ ಆರಿಸಿ. ಬೆಳಗಿನ ಎಳೆಬಿಸಿಲು ಇಬ್ಬನಿ ಒಣಗಿಸುತ್ತದೆ, ಮಧ್ಯಾಹ್ನದ ನಂತರದ ಬಿಸಿಲು ಓರೆಯಾಗಿ ಬಿದ್ದು ಕಾವು ತಗ್ಗುತ್ತದೆ. ಸಾಲು ಉತ್ತರ-ದಕ್ಷಿಣ ಇರಲಿ. ಗೊಂಚಲ ಸುತ್ತ ಎಲೆ ತೆಗೆಯುವಾಗ ಪೂರ್ವದ ಮಗ್ಗುಲಲ್ಲಿ ಮಾತ್ರ ತೆಗೆಯಿರಿ; ಪಶ್ಚಿಮದ ಎಲೆ ಕಿತ್ತರೆ ಕಾಯಿ ಸುಟ್ಟು ಕಂದಾಗುತ್ತದೆ, ರಸ ಕಹಿಯಾಗುತ್ತದೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ, 100 ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ತಂಪು. ಆದರೆ ನಮ್ಮ ಕಡೆ ಎತ್ತರ ಹೆಚ್ಚಿದಂತೆ ಮಳೆಯೂ ಏರುವುದರಿಂದ ಎತ್ತರದ ಆಸೆಗೆ ಬಿದ್ದು ಪಶ್ಚಿಮಕ್ಕೆ ಸರಿಯಬೇಡಿ.

ಕೊಳ್ಳುವ ಮುಂಚೆ ಒಂದು ಚಳಿಗಾಲ ಅಳೆಯಿರಿ. ಉಷ್ಣತೆ ದಾಖಲಿಸುವ ಸಣ್ಣ ಲಾಗರ್ ಮೂರು ಸಾಕು: ಇಳಿಜಾರಿನ ಮೇಲೆ, ನಡುವೆ, ಕೆಳಗೆ, ನೆಲದಿಂದ 1.2 ಮೀಟರ್ ಎತ್ತರದಲ್ಲಿ, ನೇರ ಬಿಸಿಲು ಬೀಳದಂತೆ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಅರ್ಧ ಗಂಟೆಗೊಮ್ಮೆ ದಾಖಲಾಗಲಿ. ಜನವರಿ, ಫೆಬ್ರವರಿಯಲ್ಲಿ ಹೆಚ್ಚಿನ ರಾತ್ರಿಗಳು 17 ಡಿಗ್ರಿಗಿಂತ ಕೆಳಗಿಳಿಯಬೇಕು. ವಾರಕ್ಕೆರಡು ಬೆಳಗ್ಗೆ ಹೋಗಿ ಇಬ್ಬನಿ ಎಷ್ಟು ಹೊತ್ತಿಗೆ ಆರಿತು ಎಂದು ಗುರುತು ಹಾಕಿಕೊಳ್ಳಿ. ಎಂಟು, ಎಂಟೂವರೆಗೆ ಆರಿದರೆ ಒಳ್ಳೆಯ ಜಾಗ. ಒಂಬತ್ತೂವರೆ ದಾಟಿದರೆ ಡೌನಿ, ಗೊಂಚಲು ಕೊಳೆತ ಕೈ ಬಿಡುವುದಿಲ್ಲ. ಹೇಗೂ ಹೋದಾಗ ಮಂಗಗಳ ಹಿಂಡು ಎಲ್ಲಿಂದ ಇಳಿಯುತ್ತದೆ ಎಂದೂ ನೋಡಿಡಿ. ಹಕ್ಕಿಗೆ ಬಲೆ ಸಾಕು, ಮಂಗಕ್ಕೆ ಬಲೆ ಸಾಲದು.

ಗುಂಡಿ ತೋಡಿ ನೋಡುವುದು

ಮೇಲ್ಮಣ್ಣು ನೋಡಿ ತೀರ್ಮಾನ ಮಾಡುವವರೇ ಹೆಚ್ಚು. ಬಳ್ಳಿಯ ಬದುಕು ಇರುವುದು ಅದರ ಕೆಳಗೆ. ಎಕರೆಗೆ ಎರಡರಂತೆ 1.5 ಮೀಟರ್ ಆಳದ ಗುಂಡಿ ತೋಡಿಸಿ. ಜೆಸಿಬಿಗೆ ಅರ್ಧ ದಿನದ ಕೆಲಸ. ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ತಾಜಾ ಮಾಡಿ. ಹುಲ್ಲಿನ, ಪೊದೆಯ ಬೇರು ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಅಡ್ಡಕ್ಕೆ ತಿರುಗಿದೆ ಎಂದು ನೋಡಿ. ಬೇರು ತಿರುಗಿದ ಕಡೆ ಗಟ್ಟಿ ಪದರವಿದೆ. ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಇದ್ದರೆ ಮಳೆಗಾಲದಲ್ಲಿ ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಎಂದರ್ಥ. ಆ ಚುಕ್ಕೆ 80 ಸೆಂ.ಮೀ.ಗಿಂತ ಮೇಲೆ ಕಂಡರೆ ಆ ತುಂಡನ್ನು ಬಿಟ್ಟುಬಿಡಿ. ಬಸಿಗಾಲುವೆ ತೆಗೆದು ಸರಿ ಮಾಡುತ್ತೇವೆ ಎಂಬ ಅಡಿಕೆಯ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅಡಿಕೆಯ ಬೇರು ಹೆಚ್ಚಾಗಿ ಮೇಲಿನ ಒಂದು ಮೀಟರಿನಲ್ಲೇ ಹರಡುತ್ತದೆ. ದ್ರಾಕ್ಷಿಯನ್ನು ಅದಕ್ಕಿಂತ ಕೆಳಗೆ ಇಳಿಯಲು ಬಿಡಬೇಕು.

ಬಸಿಯುವ ವೇಗ ಅಳೆಯುವುದು ಹೀಗೆ. ಒಂದು ಅಡಿ ಅಗಲ, ಎರಡು ಅಡಿ ಆಳದ ಕುಳಿ ತೆಗೆದು ತುಂಬ ನೀರು ಹಾಕಿ, ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ತುಂಬಿಸಿ, ಕೋಲು ನೆಟ್ಟು, ಗಂಟೆಗೊಮ್ಮೆ ನೀರಿನ ಮಟ್ಟ ಗುರುತು ಮಾಡಿ. ಗಂಟೆಗೆ 2ರಿಂದ 8 ಸೆಂ.ಮೀ. ಇಳಿದರೆ ಸರಿ. 1 ಸೆಂ.ಮೀ.ಗಿಂತ ಕಡಿಮೆಯಾದರೆ ಬೇರು ಕೊಳೆಯುತ್ತದೆ. 15 ದಾಟಿದರೆ ಬರೀ ಗೊಚ್ಚು. ಫೆಬ್ರವರಿಯಲ್ಲಿ ಡ್ರಿಪ್ ಒಂದು ದಿನ ಕೆಟ್ಟರೂ ಬಳ್ಳಿ ಸೊರಗುತ್ತದೆ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿದರೆ ಒಣ ಮಣ್ಣು ನೀರು ಕುಡಿದು ಸುಳ್ಳು ಹೇಳುತ್ತದೆ. ಸೆಪ್ಟೆಂಬರ್‌ನಲ್ಲಿ ಮಾಡಿ.

ಈ ಅಂಚಿನಲ್ಲಿ ಸಿಗುವ ಮಣ್ಣುಗಳಲ್ಲಿ ಸಣ್ಣ ಕಲ್ಲು ಬೆರೆತ, ಒಂದು ಮೀಟರ್ ಆಳದ ಕೆಂಪು ಗೊಚ್ಚು ಮಣ್ಣು ಬಿಳಿ ತಳಿಗೆ ಮೊದಲ ಆಯ್ಕೆ. ಎರೆಮಣ್ಣು ಮಳೆನೀರನ್ನು ತಡವಾಗಿ ಬಿಡುತ್ತದೆ, ಕಾಯಿ ಮಾಗುವಾಗಲೂ ಚಿಗುರು ನಿಲ್ಲುವುದಿಲ್ಲ, ರಸ ನೀರಾಗುತ್ತದೆ. ಹೊಳೆ ದಂಡೆಯ ಮೆಕ್ಕಲು ಮಣ್ಣು ಅಡಿಕೆಗೂ ಬಾಳೆಗೂ ಇರಲಿ. ಕಾನಿನ ಪಕ್ಕದ ಕಪ್ಪು, ಸೊಪ್ಪು ಕೊಳೆತ ಮಣ್ಣು ನೋಡಿ ಯಾರಿಗೂ ಆಸೆಯಾಗುತ್ತದೆ. ಅದು ಮಳೆ ಬಿದ್ದಾಗಲೆಲ್ಲ ಸಾರಜನಕ ಬಿಡುತ್ತದೆ, ಬಳ್ಳಿ ಕಾಡಾಗುತ್ತದೆ. ನೆರಳಲ್ಲಿ ಬಲಿತ ಕಾಯಿಯ ವೈನ್‌ಗೆ ಹಸಿ ಹುಲ್ಲಿನ ವಾಸನೆ.

ಸುಣ್ಣ, ಪೊಟ್ಯಾಷ್, ಗೊಬ್ಬರ

ಪ್ರತಿ ತುಂಡಿನ 8–10 ಕಡೆಯಿಂದ ಮಣ್ಣು ತೆಗೆಯಿರಿ. 0–30, 30–60, 60–90 ಸೆಂ.ಮೀ. ಆಳದ್ದನ್ನು ಬೇರೆ ಬೇರೆ ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಚೀಲ ಮಾಡಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಪಿಎಚ್ ಮಾತ್ರ ಬರೆದ ಕಾಗದ ಸಾಲದು. ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್, ಸಾವಯವ ಇಂಗಾಲ, ಅಲ್ಯೂಮಿನಿಯಂ ಬೇಕು. ನಮ್ಮ ಕೆಂಪು, ಜಂಬಿಟ್ಟಿಗೆ ಮಣ್ಣಿನ ಪಿಎಚ್ 5ರ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ, ಹಾಕಿದ ರಂಜಕವೂ ಕಚ್ಚಿಕೊಂಡು ಕೂರುತ್ತದೆ. 6ರಿಂದ 6.5ಕ್ಕೆ ತರಬೇಕು. ಮಣ್ಣಿನ ಜೇಡಿಯ ಪ್ರಮಾಣ ನೋಡಿ ಸಾಮಾನ್ಯವಾಗಿ ಎಕರೆಗೆ 1ರಿಂದ 2 ಟನ್ ಕೃಷಿ ಸುಣ್ಣ ಹಿಡಿಯುತ್ತದೆ. ಮೆಗ್ನೀಷಿಯಂ ಕಡಿಮೆಯಿದ್ದರೆ ಅದರಲ್ಲಿ ಅರ್ಧ ಡೋಲೊಮೈಟ್ ಇರಲಿ. ಸುಣ್ಣ ತಾನಾಗಿ ಕೆಳಗಿಳಿಯುವುದಿಲ್ಲ. ನಾಟಿಗೆ ಮೂರು ತಿಂಗಳು ಮೊದಲೇ, 60 ಸೆಂ.ಮೀ. ಅಗಲ ಮತ್ತು 75 ಸೆಂ.ಮೀ. ಆಳದ ಕಂದಕ ತೋಡುವಾಗ ತೆಗೆದ ಮಣ್ಣಿಗೇ ಬೆರೆಸಿ ತುಂಬಬೇಕು. ಮೇಲೆ ಎರಚಿ ಬಿಟ್ಟವರ ಬಳ್ಳಿ ಮೂರನೇ ವರ್ಷ ನಿಂತುಬಿಡುತ್ತದೆ, ಕಾರಣ ಗೊತ್ತಾಗದೆ ಇನ್ನಷ್ಟು ಗೊಬ್ಬರ ಬೀಳುತ್ತದೆ.

ಪೊಟ್ಯಾಷ್ ವಿಷಯದಲ್ಲಿ ಕೈ ಬಿಗಿ ಇರಲಿ. ಅದು ರಸದ ಟಾರ್ಟಾರಿಕ್ ಆಮ್ಲದ ಜೊತೆ ಕೂಡಿ ಹರಳಾಗಿ ತಳಕ್ಕೆ ಕೂರುತ್ತದೆ, ಪಿಎಚ್ ಏರುತ್ತದೆ. ಒಲೆಬೂದಿ, ಅಡಿಕೆ ಸಿಪ್ಪೆಯ ಗೊಬ್ಬರ ಎರಡರಲ್ಲೂ ಪೊಟ್ಯಾಷ್ ಇದೆ, ದ್ರಾಕ್ಷಿ ಸಾಲಿಗೆ ಸುರಿಯಬೇಡಿ. ಕೊಟ್ಟಿಗೆ ಗೊಬ್ಬರ ಕಂದಕಕ್ಕೆ ಒಮ್ಮೆ ಸಾಕು. ಹಾಗೆಂದು ಸಾರಜನಕವನ್ನು ಪೂರ್ತಿ ನಿಲ್ಲಿಸುವಂತಿಲ್ಲ. ರಸದಲ್ಲಿ ಯೀಸ್ಟಿಗೆ ದಕ್ಕುವ ಸಾರಜನಕ ಲೀಟರಿಗೆ 150 ಮಿಲಿಗ್ರಾಂಗಿಂತ ಕೆಳಗಿಳಿದರೆ ಹುದುಗು ನಡುವೆ ನಿಲ್ಲುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಬೇರುಗಿಡ, ಅಂದರೆ ತಳಿಯನ್ನು ಕಸಿ ಕಟ್ಟುವ ಬುಡದ ಗಿಡ, ಆರಿಸುವಾಗಲೂ ಇದೇ ಲೆಕ್ಕ. ಡಾಗ್‌ರಿಡ್ಜ್ ನರ್ಸರಿಯಲ್ಲಿ ಸುಲಭವಾಗಿ ಸಿಗುತ್ತದೆ, ಜಂತುಹುಳುವನ್ನೂ ತಡೆಯುತ್ತದೆ, ಆದರೆ ಆಳದ ಮಣ್ಣಿನಲ್ಲಿ ಬಳ್ಳಿಯನ್ನು ವಿಪರೀತ ಸೊಕ್ಕಿಸುತ್ತದೆ. ತೆಳು ಗೊಚ್ಚಿಗೆ ಅದು ನಡೆದೀತು. ಉಳಿದ ಕಡೆ 110ಆರ್ ಕೇಳಿ, ಅದು ಬರ ತಡೆಯುತ್ತದೆ, ನಿಂತ ನೀರು ತಡೆಯದು. ಸಾಲಿನ ನಡುವೆ 2.5 ಮೀಟರ್, ಬಳ್ಳಿಯ ನಡುವೆ 1.2 ಮೀಟರ್ ಬಿಟ್ಟರೆ ಎಕರೆಗೆ ಸುಮಾರು 1,350 ಬಳ್ಳಿ. ಗೊಂಚಲು ನೆಲದಿಂದ ಒಂದು ಮೀಟರ್ ಮೇಲಿರುವಂತೆ ತಂತಿ ಎಳೆಯಿರಿ. ಮೂರನೇ ವರ್ಷದಿಂದ ಫಸಲು. ಎಕರೆಗೆ 3–4 ಟನ್ನಿಗೆ ನಿಲ್ಲಿಸಿ.

ಚಾಟ್ನಿಯ ದಿನ

ವಿಜಯಪುರದವರು ಚಾಟ್ನಿ ಎನ್ನುವ ಸವರುವ ಕೆಲಸ ವರ್ಷಕ್ಕೆರಡು ಸಲ. ಇಲ್ಲಿನ ಇಕ್ಕಟ್ಟು ಪೂರ್ತಿ ಬಯಲಾಗುವುದು ಇದರಲ್ಲೇ. ಮೊದಲ ಚಾಟ್ನಿಯಾದ 40ರಿಂದ 60 ದಿನದಲ್ಲಿ ಮುಂದಿನ ಫಸಲಿನ ಗೊಂಚಲು ಕಣ್ಣಿನೊಳಗೆ ರೂಪಗೊಳ್ಳುತ್ತದೆ, ಅದಕ್ಕೆ ನೇರ ಬಿಸಿಲು ಬೇಕು. ಬಯಲುಸೀಮೆಯಂತೆ ಏಪ್ರಿಲ್ ನಡುವಿನಲ್ಲಿ ಸವರಿದರೆ ಆ ದಿನಗಳು ಜೂನಿನ ಮೋಡಕ್ಕೆ ಸಿಕ್ಕುತ್ತವೆ, ಕಣ್ಣು ಬರಡಾಗುತ್ತದೆ. ಅಕ್ಟೋಬರ್‌ನಲ್ಲಿ ಬರೀ ಚಿಗುರು, ಗೊಂಚಲಿಲ್ಲ. ಮಾರ್ಚ್ ಕೊನೆಯ ವಾರದಲ್ಲೇ ಮುಗಿಸಿ. ಏಪ್ರಿಲ್, ಮೇ ತಿಂಗಳಿಗೆ ಕೊಳವೆಬಾವಿಯ ನೀರು ಇರಲೇಬೇಕು.

ಎರಡನೆಯದು ಇನ್ನೂ ಕಷ್ಟದ್ದು. ಸೆಪ್ಟೆಂಬರ್ ನಡುವಿನಲ್ಲಿ ಸವರಿದರೆ ಜನವರಿ ಕೊನೆಗೆ, ತಂಪು ರಾತ್ರಿಗಳಿರುವಾಗಲೇ ಕೊಯ್ಲು. ಆದರೆ ಹೂವು ಅಕ್ಟೋಬರ್ ಮಳೆಗೆ ಸಿಗುತ್ತದೆ. ಅಕ್ಟೋಬರ್ ಕೊನೆಗೆ ತಳ್ಳಿದರೆ ಹೂವು ಪಾರು, ಕೊಯ್ಲು ಮಾರ್ಚಿನ ಸೆಕೆಗೆ ಬೀಳುತ್ತದೆ, ಹುಳಿ ಹೋಗುತ್ತದೆ. ಅಕ್ಟೋಬರ್ ಮೊದಲ ಹತ್ತು ದಿನ ಈ ಅಂಚಿಗೆ ಸರಿ. ತಳಿಯೂ ಬೇಗ ಮಾಗುವಂಥದ್ದಿರಲಿ: ಸೋವಿನ್ಯಾನ್ ಬ್ಲಾಂಕ್, ಶಾರ್ಡನೇ. ಶೆನಿನ್ ಬ್ಲಾಂಕ್ ಹುಳಿ ಚೆನ್ನಾಗಿ ಹಿಡಿಯುತ್ತದೆ, ನಿಜ. ತಡವಾಗಿ ಮಾಗುತ್ತದೆ, ಗೊಂಚಲು ಒತ್ತಾಗಿದ್ದು ಇಬ್ಬನಿಯ ಜಾಗದಲ್ಲಿ ಒಳಗಿಂದಲೇ ಕೊಳೆಯುತ್ತದೆ.

ಚಾಟ್ನಿಯಾದ ಬರಿಕಡ್ಡಿಗೆ ನಮಗೆ ಕೈಬಂದ ಶೇ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಎಳೆ ಎಲೆಗೆ ಅದೇ ಬಲ ಹೊಡೆದರೆ ಸುಡುತ್ತದೆ, ಅರ್ಧಕ್ಕಿಳಿಸಿ. ಕಾಯಿ ಮೆದುವಾಗತೊಡಗಿದ ಮೇಲೆ ತಾಮ್ರ ಬೇಡ. ಸೋವಿನ್ಯಾನ್ ಬ್ಲಾಂಕ್‌ನ ಪರಿಮಳ ಗಂಧಕ ಸೇರಿದ ಥಯಾಲ್‌ಗಳದ್ದು, ತಾಮ್ರ ಅವನ್ನು ಕಟ್ಟಿಹಾಕುತ್ತದೆ. ವೈನ್ ಕೆಡುವುದಿಲ್ಲ, ಮೂಕವಾಗುತ್ತದೆ.

ನೀರಿನ ಲೆಕ್ಕ: ದಿನಕ್ಕೆ 4.5 ಮಿ.ಮೀ. ಆವಿಯಾಗುವ ಜನವರಿಯಲ್ಲಿ ಅದರ ಶೇ 40ರಷ್ಟು ಕೊಟ್ಟರೆ ಒಂದು ಬಳ್ಳಿಗೆ ಸುಮಾರು 5.5 ಲೀಟರ್, ಎಕರೆಗೆ 7,000 ಲೀಟರಿಗಿಂತ ತುಸು ಹೆಚ್ಚು. ಕೆಂಪು ತಳಿಯಂತೆ ಬಿಳಿಯನ್ನು ಬಾಯಾರಿಸಬೇಡಿ. ತೀರಾ ಒಣಗಿದ ಬಳ್ಳಿಯಲ್ಲಿ ಇದೇ ಥಯಾಲ್‌ಗಳು ಕಡಿಮೆಯಾಗುತ್ತವೆ. ಚಿಗುರಿನ ತುದಿ ಬೆಳವಣಿಗೆ ನಿಧಾನವಾಗಿ ನಿಂತರೆ ನೀರು ಸರಿಯಾಗಿದೆ. ಬುಡದ ಎಲೆ ಹಳದಿಯಾದರೆ ತಡವಾಯಿತು.

ಗ್ಲಾಸಿನಲ್ಲಿ ನೋಡುವುದು

ಎರಡು ತುಂಡು ಮಣ್ಣು ನಿಜಕ್ಕೂ ಬೇರೆ ವೈನ್ ಕೊಡುತ್ತವೆಯೇ? ಒಂದೇ ತಳಿ, ಒಂದೇ ಬೇರುಗಿಡ, ಒಂದೇ ದಿನದ ಚಾಟ್ನಿ ಇದ್ದರೆ ಮಾತ್ರ ಈ ಪ್ರಶ್ನೆಗೆ ಅರ್ಥ. ಎರಡೂ ತುಂಡು ಒಂದೇ ಬ್ರಿಕ್ಸ್‌ಗೆ ಬಂದಾಗ, ದಿನ ಬೇರೆಯಾದರೂ ಸರಿ, ಸೂರ್ಯ ಹುಟ್ಟುವ ಮೊದಲು 20 ಕಿಲೋದಂತೆ ಕೊಯ್ಯಿರಿ. ತಲಾ 12 ಲೀಟರಿನಷ್ಟು ರಸ ಸಿಗುತ್ತದೆ. ಲೀಟರಿಗೆ 50 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್ ಬರುವಂತೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ (12 ಲೀಟರಿಗೆ ಸುಮಾರು 1.1 ಗ್ರಾಂ), ಒಂದು ರಾತ್ರಿ ಫ್ರಿಜ್ಜಿನಲ್ಲಿ ತಿಳಿಯಾಗಿಸಿ. ತಿಳಿರಸವನ್ನು 5 ಲೀಟರಿನ ಎರಡೆರಡು ಗಾಜಿನ ಜಾಡಿಗೆ, ಮೇಲೆ ಕೈಯಗಲ ಜಾಗ ಬಿಟ್ಟು ತುಂಬಿ, ಒಂದೇ ಯೀಸ್ಟ್ ಹಾಕಿ, 14–18 ಡಿಗ್ರಿಯಲ್ಲಿ ಹುದುಗಿಸಿ. ಪ್ರತಿ ತುಂಡಿಗೆ ಎರಡು ಜಾಡಿ ಏಕೆಂದರೆ, ಒಂದೇ ತುಂಡಿನ ಎರಡು ಜಾಡಿಗಳೇ ಪರಸ್ಪರ ಬೇರೆಯಾಗಿದ್ದರೆ ದೋಷ ಹುದುಗಿನದು, ಮಣ್ಣಿನದಲ್ಲ. ಪ್ರಯೋಗಕ್ಕಾದರೂ ಮಾರಾಟಕ್ಕಾದರೂ ಮೊದಲು ಅಬಕಾರಿ ಇಲಾಖೆಯಲ್ಲಿ ಪರವಾನಗಿ ವಿಚಾರಿಸಿಕೊಳ್ಳಿ.

ನಾಲ್ಕು ತಿಂಗಳ ನಂತರ ಹತ್ತು ಜನರಿಗೆ ತಲಾ ಮೂರು ಗ್ಲಾಸ್ ಕೊಡಿ. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ ತುಂಡಿನದು. ಯಾವುದು ಬೇರೆ ಎಂದಷ್ಟೇ ಕೇಳಿ, ಯಾವುದು ಚೆನ್ನ ಎಂದಲ್ಲ. ಹತ್ತರಲ್ಲಿ ಏಳು ಮಂದಿಯಾದರೂ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ಇದೆ ಎನ್ನಬಹುದು, ಮೂರು ನಾಲ್ಕು ಮಂದಿ ಊಹೆಯಿಂದಲೇ ಸರಿ ಹೇಳುತ್ತಾರೆ. ಮೂರು ಕೊಯ್ಲಿನಲ್ಲೂ ಏಳು ದಾಟಿದರೆ ಆ ಎರಡು ತುಂಡಿಗೆ ಬೇರೆ ಬೇರೆ ಟ್ಯಾಂಕ್ ಕೊಳ್ಳಿ. ಇಲ್ಲವಾದರೆ ಒಂದೇ ಟ್ಯಾಂಕಿಗೆ ಸುರಿದು, ಉಳಿದ ಹಣದಲ್ಲಿ ತಂಪು ಮಾಡುವ ಯಂತ್ರ ದೊಡ್ಡದು ತೆಗೆದುಕೊಳ್ಳಿ.